ಕವಲಿನ ಹೋಲಿಕೆ, ಕವಲಿನ ಅಳತೆ: ನಿಸರ್ಗ ಮತ್ತು ಮಾನವದೇಹದ ಕವಲು ರಚನೆಗಳ ಒಂದು ಪರಿಶೀಲನೆ

1. ಪೀಠಿಕೆ

ಮರ, ನದಿ, ಶ್ವಾಸಕೋಶ, ರಕ್ತನಾಳ, ನರಕೋಶ, ಮಿಂಚು ಇವೆಲ್ಲ ಒಂದೇ ಬಗೆಯಲ್ಲಿ ಕವಲೊಡೆಯುತ್ತವೆ, ಆದ್ದರಿಂದ ಇವೆಲ್ಲವುಗಳ ಹಿಂದೆ ಒಂದೇ ನಿಯಮ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಬೆನುವಾ ಮ್ಯಾಂಡೆಲ್‌ಬ್ರಾಟ್ 1982ರಲ್ಲಿ ನಿಸರ್ಗದ ಫ್ರ್ಯಾಕ್ಟಲ್ ಜ್ಯಾಮಿತಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ನಂಬಿಕೆಗೆ ಗಣಿತದ ಭಾಷೆಯೂ ದೊರೆಯಿತು. ಭಾಗವೊಂದನ್ನು ಹಿಗ್ಗಿಸಿ ನೋಡಿದರೆ ಅದು ಇಡಿಯನ್ನೇ ಹೋಲುವ ಗುಣ ಮರದ ರೆಂಬೆಯಲ್ಲೂ ಇದೆ, ಶ್ವಾಸನಾಳದ ಕವಲಿನಲ್ಲೂ ಇದೆ, ನದಿಯ ಹಳ್ಳಕೊಳ್ಳಗಳಲ್ಲೂ ಇದೆ. ಈ ಹೋಲಿಕೆ ಸುಳ್ಳಲ್ಲ. ಆದರೆ ಆಕಾರ ಒಂದೇ ಎಂದ ಮಾತ್ರಕ್ಕೆ ಕಾರಣವೂ ಒಂದೇ ಎಂದು ತೀರ್ಮಾನಿಸುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಲೇಬೇಕು. ಕಳೆದ ನೂರು ವರ್ಷಗಳಲ್ಲಿ ಶರೀರವಿಜ್ಞಾನಿಗಳು, ಸಸ್ಯವಿಜ್ಞಾನಿಗಳು ಮತ್ತು ಭೂವಿಜ್ಞಾನಿಗಳು ಕೂಡಿಸಿಟ್ಟಿರುವ ಅಳತೆಗಳು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವಷ್ಟು ಬೆಳೆದಿವೆ.

ಪ್ರಸ್ತುತ ಲೇಖನದ ವಾದ ಇಷ್ಟು: ಕವಲಿನ ಆಕಾರ ಯಾವ ಕಾರಣಕ್ಕೂ ತಾನೇ ಸಾಕ್ಷಿಯಾಗಲಾರದು, ಕವಲಿನ ಅಳತೆ ಆಗಬಲ್ಲದು. ಇಲ್ಲಿ ಅಳತೆ ಎಂದರೆ ಮುಖ್ಯವಾಗಿ ಮೂರು ಸಂಗತಿಗಳು. ಮೊದಲನೆಯದು, ತಾಯಿನಾಳದ ವ್ಯಾಸಕ್ಕೂ ಅದರಿಂದ ಒಡೆದ ಕವಲುನಾಳಗಳ ವ್ಯಾಸಕ್ಕೂ ಇರುವ ಸಂಬಂಧ. ತಾಯಿನಾಳದ ವ್ಯಾಸವನ್ನು ಒಂದು ಘಾತಕ್ಕೆ ಏರಿಸಿದಾಗ ಬರುವ ಸಂಖ್ಯೆ, ಕವಲುನಾಳಗಳ ವ್ಯಾಸಗಳನ್ನು ಅದೇ ಘಾತಕ್ಕೆ ಏರಿಸಿ ಕೂಡಿದಾಗ ಬರುವ ಮೊತ್ತಕ್ಕೆ ಸಮನಾದರೆ, ಆ ಘಾತವನ್ನು ಆ ಜಾಲದ ಕವಲುಘಾತ ಎಂದು ಕರೆಯೋಣ. ಎರಡನೆಯದು, ಎರಡು ಕವಲುಗಳ ನಡುವಿನ ಕೋನ. ಮೂರನೆಯದು, ಒಡೆದ ಕವಲುಗಳು ಬೇರೆಯಾಗಿಯೇ ಉಳಿಯುತ್ತವೆಯೇ ಅಥವಾ ಮುಂದೆ ಎಲ್ಲಾದರೂ ಕೂಡಿಕೊಂಡು ಕುಣಿಕೆಗಳಾಗುತ್ತವೆಯೇ ಎಂಬುದು. ಈ ಮೂರನ್ನೂ ನೋಡಿದರೆ ಕಣ್ಣಿಗೆ ಒಂದೇ ಎನಿಸುವ ಜಾಲಗಳು ಬೇರೆ ಬೇರೆ ಒತ್ತಾಯಗಳಿಗೆ ಮಣಿದಿರುವುದು ತಿಳಿಯುತ್ತದೆ. ಕೆಲವೊಮ್ಮೆ ಇದರ ತಿರುವುಮುರುವೂ ನಿಜವಾಗಿ, ಸಂಬಂಧವೇ ಇಲ್ಲವೆನಿಸುವ ಎರಡು ಜಾಲಗಳು ಒಂದೇ ಸಮೀಕರಣದ ಮಕ್ಕಳೆಂದು ಗೊತ್ತಾಗುತ್ತದೆ.

2. ಮರ, ರಕ್ತನಾಳ, ನರಕೋಶ: ಮೂರು ಘಾತಗಳು

ಕವಲನ್ನು ಅಳೆಯಬಹುದೆಂಬ ವಿಚಾರ ಹಳೆಯದು. ಮರದ ಕೊಂಬೆಗಳನ್ನೆಲ್ಲ ಯಾವುದೇ ಎತ್ತರದಲ್ಲಿ ಒಟ್ಟುಗೂಡಿಸಿದರೆ ಅವುಗಳ ದಪ್ಪ ಕಾಂಡದ ದಪ್ಪಕ್ಕೆ ಸಮನಾಗುತ್ತದೆ ಎಂದು ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅಡ್ಡಕೊಯ್ತದ ವಿಸ್ತೀರ್ಣ ಬದಲಾಗದೆ ಉಳಿಯುತ್ತದೆ, ಕವಲುಘಾತ 2. ಇದಕ್ಕೆ ಕಾರಣವೇನು? 1964ರಲ್ಲಿ ಜಪಾನಿನ ಶಿನೊಝಾಕಿ ಮತ್ತು ಸಂಗಡಿಗರು ಮರವನ್ನು ಬೇರಿನಿಂದ ಎಲೆಯವರೆಗೆ ಸಾಗುವ ಸಣ್ಣ ಕೊಳವೆಗಳ ಕಟ್ಟು ಎಂದು ಭಾವಿಸಿದರು. ಕಟ್ಟು ಬಿಚ್ಚಿ ಹಂಚಿಹೋದಂತೆ ವಿಸ್ತೀರ್ಣ ಹಂಚಿಹೋಗುತ್ತದೆ, ಮೊತ್ತ ಬದಲಾಗುವುದಿಲ್ಲ. ಈ ವಿವರಣೆ ಸರಳವಾಗಿದ್ದರೂ ಅದಕ್ಕೊಂದು ತೊಡಕಿದೆ. ದೊಡ್ಡ ಮರದ ಕಾಂಡದಲ್ಲಿ ಬಹುಪಾಲು ಚೇಗು, ಅದರಲ್ಲಿ ನೀರು ಹರಿಯುವುದೇ ಇಲ್ಲ. ಹರಿಯುವುದು ಹೊರವಲಯದ ಎಳೆಯ ಮರದಲ್ಲಿ ಮಾತ್ರ. ನೀರೇ ಹರಿಯದ ಭಾಗದ ದಪ್ಪವನ್ನು ನೀರಿನ ಲೆಕ್ಕದಿಂದ ವಿವರಿಸಲಾಗದು. 2011ರಲ್ಲಿ ಫ್ರಾನ್ಸಿನ ಕ್ರಿಸ್ತೋಫ್ ಎಲೋಯ್ ಬೇರೆ ದಾರಿ ಹಿಡಿದರು. ಗಾಳಿ ಬೀಸಿದಾಗ ಮುರಿಯುವ ಸಂಭವ ಬುಡದಿಂದ ತುದಿಯವರೆಗೆ ಎಲ್ಲೆಡೆ ಸಮನಾಗಿರುವಂತೆ ಮರ ಬೆಳೆಯುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಘಾತ 2ರ ಆಸುಪಾಸಿನಲ್ಲೇ ಬರುತ್ತದೆ ಎಂದು ತೋರಿಸಿದರು. ಹಾಗಾದರೆ ಮರದ ಹೊರ ಆಕಾರ ನೀರಿನ ಲೆಕ್ಕಕ್ಕಿಂತ ಹೆಚ್ಚಾಗಿ ಗಾಳಿಯ ಲೆಕ್ಕ.

ರಕ್ತನಾಳದ ಲೆಕ್ಕ ಹೀಗಿಲ್ಲ. 1926ರಲ್ಲಿ ಅಮೆರಿಕದ ಶರೀರವಿಜ್ಞಾನಿ ಸೆಸಿಲ್ ಮರ‍್ರೆ ನಾಳವೊಂದನ್ನು ನಡೆಸಲು ದೇಹ ತೆರಬೇಕಾದ ಎರಡು ಖರ್ಚುಗಳನ್ನು ಎದುರುಬದುರಾಗಿ ಇಟ್ಟರು. ನಾಳ ಕಿರಿದಾದರೆ ಘರ್ಷಣೆ ಹೆಚ್ಚು. ವ್ಯಾಸ ಅರ್ಧಕ್ಕಿಳಿದರೆ, ಅಷ್ಟೇ ರಕ್ತವನ್ನು ದೂಡಲು ಹದಿನಾರು ಪಟ್ಟು ಶಕ್ತಿ ಬೇಕು. ನಾಳ ಅಗಲವಾದರೆ ಅದನ್ನು ತುಂಬಿಕೊಂಡಿರುವ ರಕ್ತವನ್ನು ಸದಾ ಪೋಷಿಸುವ ಖರ್ಚು ಹೆಚ್ಚು. ಈ ಎರಡರ ಮೊತ್ತ ಅತಿ ಕಡಿಮೆಯಾಗುವ ಜಾಗದಲ್ಲಿ ಹರಿವು ತ್ರಿಜ್ಯದ ಘನಕ್ಕೆ ಅನುಗುಣವಾಗಿರುತ್ತದೆ. ಕವಲಿನಲ್ಲಿ ಬಂದಷ್ಟೇ ರಕ್ತ ಹೊರಡಬೇಕಾದ್ದರಿಂದ ಕವಲುಘಾತ 3 ಆಗಲೇಬೇಕು. ಎರಡು ಸಮ ಕವಲುಗಳಾಗಿ ಒಡೆದರೆ ಪ್ರತಿ ಕವಲೂ ತಾಯಿನಾಳದ 0.79 ಪಟ್ಟು ಅಗಲವಿರುತ್ತದೆ. ಮರದ ನಿಯಮದಲ್ಲಿ ಇದೇ ಸಂಖ್ಯೆ 0.71. ಚಿತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ಅದರ ಪರಿಣಾಮ ದೊಡ್ಡದು. ಘಾತ 2 ಇದ್ದಲ್ಲಿ ಒಟ್ಟು ವಿಸ್ತೀರ್ಣ ಇದ್ದಷ್ಟೇ ಇರುತ್ತದೆ. ಘಾತ 3 ಇದ್ದಲ್ಲಿ ಪ್ರತಿ ಕವಲಿಗೂ ಅದು 1.26 ಪಟ್ಟು ಹಿಗ್ಗುತ್ತದೆ, ಹರಿವಿನ ವೇಗ ಅಷ್ಟರಮಟ್ಟಿಗೆ ತಗ್ಗುತ್ತದೆ. ಲೋಮನಾಳಗಳಲ್ಲಿ ರಕ್ತ ಆಮ್ಲಜನಕವನ್ನು ಬಿಟ್ಟುಕೊಡುವಷ್ಟು ನಿಧಾನವಾಗಿ ಹರಿಯುವುದು ಈ ಹಿಗ್ಗುವಿಕೆಯಿಂದಲೇ.

ಈ ಎರಡು ಘಾತಗಳು ನಿಜವಾಗಿಯೂ ಎರಡು ಬೇರೆ ಕೆಲಸಗಳ ಗುರುತುಗಳೇ ಎಂಬುದಕ್ಕೆ ಅತ್ಯಂತ ಒಳ್ಳೆಯ ಪರೀಕ್ಷೆ ಸಸ್ಯಗಳ ಒಳಗೇ ನಡೆದಿದೆ. 2003ರಲ್ಲಿ ಮೆಕಲೊ, ಸ್ಪೆರಿ ಮತ್ತು ಆಡ್ಲರ್ ಗಿಡಗಳ ನೀರ್ನಾಳಗಳನ್ನು, ಎಂದರೆ ಕ್ಸೈಲಂ ಕೊಳವೆಗಳನ್ನು, ಸೂಕ್ಷ್ಮದರ್ಶಕದಲ್ಲಿ ಅಳೆದರು. ನೀರು ಸಾಗಿಸುವುದಷ್ಟೇ ಕೆಲಸವಾಗಿ, ಗಿಡದ ಭಾರ ಹೊರುವ ಹೊಣೆ ಬೇರೆ ಅಂಗಾಂಶಕ್ಕಿದ್ದ ಕಡೆಗಳಲ್ಲಿ ಕೊಳವೆಗಳು ಮರ‍್ರೆಯ ಘನ ನಿಯಮವನ್ನೇ ಪಾಲಿಸುತ್ತಿದ್ದವು. ಸೂಜಿಎಲೆ ಮರಗಳಲ್ಲಿ ನೀರು ಸಾಗಿಸುವ ಕೋಶಗಳೇ ಮರವನ್ನು ಎತ್ತಿ ನಿಲ್ಲಿಸಬೇಕು. ಅಲ್ಲಿ ನಿಯಮ ಮುರಿಯುತ್ತಿತ್ತು. ಒಂದೇ ಸಸ್ಯಕುಲದೊಳಗೆ ಹೊರ ಆಕಾರ ಏನೇ ಇರಲಿ, ಕೆಲಸ ಬದಲಾದಾಗ ಘಾತ ಬದಲಾಯಿತು. ಹೋಲಿಕೆಯನ್ನಷ್ಟೇ ನೋಡುವವರಿಗೆ ಇದು ಎಂದೂ ಕಾಣುತ್ತಿರಲಿಲ್ಲ.

ನರಕೋಶದಲ್ಲಿ ಮೂರನೆಯ ಘಾತ ಎದುರಾಗುತ್ತದೆ. ಡೆಂಡ್ರೈಟುಗಳೆಂಬ ಅದರ ಕವಲುಗಳಲ್ಲಿ ಹರಿಯುವುದು ದ್ರವವಲ್ಲ, ವಿದ್ಯುತ್ ಸಂಕೇತ. ಸಂಕೇತವು ಕವಲಿನಲ್ಲಿ ತಡೆ ಕಾಣದೆ ದಾಟಬೇಕಾದರೆ ವ್ಯಾಸಗಳ ಒಂದೂವರೆ ಘಾತದ ಮೊತ್ತ ಕಾಯ್ದುಕೊಂಡಿರಬೇಕು ಎಂದು ವಿಲ್ಫ್ರಿಡ್ ರಾಲ್ 1959ರಲ್ಲಿ ತೋರಿಸಿದರು. ಎಲ್ಲ ನರಕೋಶಗಳೂ ಇದನ್ನು ಕರಾರುವಾಕ್ಕಾಗಿ ಪಾಲಿಸುವುದಿಲ್ಲ. ಆದರೂ ಕೇಬಲಿನ ಸಮೀಕರಣದಿಂದ ಹುಟ್ಟಿದ ಈ ಆದರ್ಶ ಘಾತ ದ್ರವದ ಸಮೀಕರಣದಿಂದ ಹುಟ್ಟಿದ್ದಕ್ಕಿಂತ ಬೇರೆಯಾಗಿರುವುದು ಸಹಜ. ದೊಡ್ಡ ಧಮನಿಗಳ ಅಪವಾದವನ್ನೂ ಹೀಗೆಯೇ ತಿಳಿಯಬೇಕು. ಮಹಾಧಮನಿ ಮತ್ತು ಅದರ ಮೊದಲ ಕವಲುಗಳು ಮರ‍್ರೆಯ ಘನ ನಿಯಮಕ್ಕೆ ಒಗ್ಗುವುದಿಲ್ಲ. ಅಲ್ಲಿನ ಘಾತ 2ರತ್ತ ವಾಲುತ್ತದೆ. ಹೃದಯದ ಪ್ರತಿ ಬಡಿತಕ್ಕೂ ಅಲ್ಲಿ ಒತ್ತಡದ ಅಲೆಯೊಂದು ಹೊರಡುತ್ತದೆ. ಕವಲಿನಲ್ಲಿ ವಿಸ್ತೀರ್ಣ ತಟ್ಟನೆ ಬದಲಾದರೆ ಅಲೆ ಹಿಂದಕ್ಕೆ ಪುಟಿದು ಹೃದಯದ ಹೊರೆಯನ್ನು ಹೆಚ್ಚಿಸುತ್ತದೆ. ಘರ್ಷಣೆಗಿಂತ ಅಲೆಯೇ ಮುಖ್ಯವಾದ ಈ ಎಡೆಯಲ್ಲಿ ಅಳತೆಯೂ ಅಲೆಗೆ ತಕ್ಕಂತೆ ಇದೆ. ಒಂದೇ ರಕ್ತ ಹರಿಯುವ ಒಂದೇ ಜಾಲದಲ್ಲಿ ಎರಡು ಘಾತಗಳಿರುವುದಕ್ಕೆ ಇದೇ ಕಾರಣ.

3. ಶ್ವಾಸಕೋಶ: ಮಿತವ್ಯಯವನ್ನು ಮೀರಿದ ಕವಲು

ಎವಾಲ್ಡ್ ವೈಬೆಲ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಮಾನವನ ಶ್ವಾಸಕೋಶವನ್ನು 23 ಪೀಳಿಗೆಗಳ ಕವಲುಮರವೆಂದು ವಿವರಿಸಿತು. ಸುಮಾರು 18 ಮಿಲಿಮೀಟರ್ ವ್ಯಾಸದ ಶ್ವಾಸನಾಳದಿಂದ ಹೊರಟ ದಾರಿ ಎರಡಾಗಿ, ಮತ್ತೆ ಎರಡಾಗಿ ಒಡೆಯುತ್ತ ಹೋಗುತ್ತದೆ. ಮೊದಲ 16 ಪೀಳಿಗೆಗಳು ಗಾಳಿಯನ್ನು ಸಾಗಿಸುತ್ತವೆ ಅಷ್ಟೇ. 17ನೆಯದರಿಂದ ಮುಂದೆ ಗೋಡೆಗಳಲ್ಲಿ ವಾಯುಕೋಶಗಳು ಕಾಣಿಸಿಕೊಂಡು ಅನಿಲ ವಿನಿಮಯ ಶುರುವಾಗುತ್ತದೆ. ವಾಯುಕೋಶಗಳು ಸುಮಾರು 30 ಕೋಟಿ ಎಂದು ಮೊದಲು ಅಂದಾಜಿಸಲಾಗಿತ್ತು. 2004ರ ಎಣಿಕೆ ಸರಾಸರಿ 48 ಕೋಟಿ ಎಂದಿತು. ಅಂಗೈಯಷ್ಟಗಲದ ಹಾದಿಯೂ ಇಲ್ಲದ ಒಂದು ಕೊಳವೆಯಿಂದ ನೂರು ಚದರ ಮೀಟರಿಗೂ ಮಿಕ್ಕ ಮೇಲ್ಮೈಗೆ ಗಾಳಿ ತಲುಪಿಸುವ ಈ ಏರ್ಪಾಡು ಅತ್ಯಂತ ಮಿತವ್ಯಯದ್ದಾಗಿರಬೇಕು ಎಂದು ಊಹಿಸುವುದು ಸಹಜ. ಹಾಗಿದ್ದರೆ ಪ್ರತಿ ಪೀಳಿಗೆಗೂ ನಾಳ 0.79 ಪಟ್ಟು ಕುಗ್ಗಬೇಕು. ಆದರೆ ಅಳೆದು ನೋಡಿದರೆ ಒಳಗಿನ ಸಣ್ಣ ಶ್ವಾಸನಾಳಿಕೆಗಳಲ್ಲಿ ಈ ಅನುಪಾತ ಸುಮಾರು 0.85 ಇದೆ. ಎಂದರೆ ನಾಳಗಳು ಬೇಕಾದ್ದಕ್ಕಿಂತ ಅಗಲವಾಗಿವೆ.

ಈ ಕೊರತೆಯಂತೆ ಕಾಣುವ ಸಂಗತಿಯೇ ಶ್ವಾಸಕೋಶದ ಅತಿ ಮುಖ್ಯ ಮಾಹಿತಿ ಎಂದು 2004ರಲ್ಲಿ ಮೊರ‍್ವಾ, ಫಿಲೋಶ್, ವೈಬೆಲ್ ಮತ್ತು ಸಪೊವಾಲ್ ವಾದಿಸಿದರು. ಅವರ ತರ್ಕವನ್ನು ಸರಳ ಲೆಕ್ಕದಿಂದ ಪರೀಕ್ಷಿಸಬಹುದು. ಪ್ರತಿ ಪೀಳಿಗೆಯಲ್ಲಿ ನಾಳದ ಉದ್ದ ಮತ್ತು ವ್ಯಾಸ ಎರಡೂ ಒಂದೇ ಅನುಪಾತದಲ್ಲಿ ಕುಗ್ಗುತ್ತವೆ, ಹರಿವು ಶಾಂತವಾಗಿದೆ ಎಂದು ಇಟ್ಟುಕೊಳ್ಳೋಣ. ಮೊದಲ ನಾಳದ ತಡೆಯನ್ನು 1 ಎಂದು ಹಿಡಿದು ಹನ್ನೊಂದು ಪೀಳಿಗೆಗಳ ತಡೆಯನ್ನು ಕೂಡಿದರೆ, 0.79ರ ಮರದಲ್ಲಿ ಒಟ್ಟು ತಡೆ 11.8 ಆಗುತ್ತದೆ, 0.85ರ ಮರದಲ್ಲಿ 4.8. ಈಗ ಆಸ್ತಮಾದಲ್ಲಿ ಆಗುವಂತೆ ನಾಳಗಳು ಬಿಗಿದುಕೊಂಡು ಎರಡೂ ಮರಗಳ ಅನುಪಾತ 0.05ರಷ್ಟು ಇಳಿಯಿತೆನ್ನೋಣ. ಮೊದಲನೆಯದು 0.74ಕ್ಕೆ ಬಂದು ಅದರ ತಡೆ ಸುಮಾರು 39ಕ್ಕೆ ಜಿಗಿಯುತ್ತದೆ. ಎರಡನೆಯದು 0.80ಕ್ಕೆ ಬಂದು ತಡೆ 9.8ರಲ್ಲಿ ನಿಲ್ಲುತ್ತದೆ. ಬಿಗಿದುಕೊಂಡ ಮೇಲೂ ಅದು ಮಿತವ್ಯಯದ ಮರದ ಆರೋಗ್ಯವಂತ ಸ್ಥಿತಿಗಿಂತ ಸಲೀಸು. ಅತಿ ಕಡಿಮೆ ಖರ್ಚಿನ ಶ್ವಾಸಕೋಶ ಅಪಾಯದ ಅಂಚಿನಲ್ಲಿ ಬದುಕುತ್ತದೆ, ನಮ್ಮದು ಆ ಅಂಚಿನಿಂದ ದೂರ ನಿಂತಿದೆ. ಆಸ್ತಮಾ ರೋಗಿಗೆ ಉಸಿರು ಎಳೆಯಲು ಉಳಿಯುವ ಅವಕಾಶ ಈ ಹೆಚ್ಚುವರಿ ಅಗಲದಿಂದ ಬಂದದ್ದು. ರಕ್ತನಾಳದ ನಿಯಮವನ್ನೇ ಶ್ವಾಸಕೋಶಕ್ಕೂ ಹೇರಿ, ಎರಡೂ ಒಂದೇ ಎಂದು ಮುಂದೆ ಸಾಗಿದ್ದರೆ ಈ ಅರಿವು ಕೈತಪ್ಪುತ್ತಿತ್ತು.

4. ನದಿ: ಹೋಲಿಕೆಯ ಮಿತಿ, ಕೋನದ ಸಾಕ್ಷ್ಯ

ಏಕನಿಯಮವಾದಕ್ಕೆ ಅತಿ ದೊಡ್ಡ ಆಸರೆ ನದಿಗಳಿಂದ ಬಂದಿದೆ. 1945ರಲ್ಲಿ ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ ತೊರೆಗಳನ್ನು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನು ರೂಪಿಸಿದರು, 1952ರಲ್ಲಿ ಸ್ಟ್ರಾಲರ್ ಅದನ್ನು ತಿದ್ದಿದರು. ಉಪನದಿಯೇ ಇಲ್ಲದ ಹಳ್ಳ ಮೊದಲ ದರ್ಜೆ. ಎರಡು ಮೊದಲ ದರ್ಜೆಯ ಹಳ್ಳಗಳು ಕೂಡಿದರೆ ಎರಡನೆಯ ದರ್ಜೆ. ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ ಸೇರುವಂತೆ ಸಣ್ಣದು ದೊಡ್ಡದಕ್ಕೆ ಸೇರುತ್ತ ದರ್ಜೆ ಏರುತ್ತದೆ. ಒಂದು ದರ್ಜೆಯ ತೊರೆಗಳ ಸಂಖ್ಯೆಗೂ ಮುಂದಿನ ದರ್ಜೆಯ ಸಂಖ್ಯೆಗೂ ಇರುವ ಅನುಪಾತ ಬಹುತೇಕ ನದಿಗಳಲ್ಲಿ 3ರಿಂದ 5ರೊಳಗೆ ನಿಲ್ಲುತ್ತದೆ. ಇದನ್ನು ಹಾರ್ಟನ್ನನ ನಿಯಮ ಎಂದು ಕರೆದರು. ಮುಂದೆ ಶ್ವಾಸನಾಳ, ಧಮನಿ, ಮರದ ಕೊಂಬೆಗಳಿಗೂ ಇದೇ ವಿಂಗಡಣೆಯನ್ನು ಅನ್ವಯಿಸಿದಾಗ ಅಲ್ಲೂ ಇಂಥದೇ ಸ್ಥಿರ ಅನುಪಾತಗಳು ಕಂಡವು. ನಿಸರ್ಗಕ್ಕೆಲ್ಲ ಒಂದೇ ನಿಯಮ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂದು ಅನೇಕರಿಗೆ ಅನ್ನಿಸಿತು.

ಈ ಪುರಾವೆಯ ಬುಡವನ್ನೇ ಅಲುಗಿಸಿದ್ದು 1993ರಲ್ಲಿ ಜೇಮ್ಸ್ ಕರ್ಚ್‌ನರ್ ಬರೆದ ಲೇಖನ. ಸಾಧ್ಯವಿರುವ ಕವಲುಜಾಲಗಳನ್ನೆಲ್ಲ ಗಣಿತದಲ್ಲಿ ಪರಿಗಣಿಸಿದರೆ ಅವುಗಳಲ್ಲಿ ಬಹುಪಾಲು ಎಲ್ಲವೂ ಹಾರ್ಟನ್ನನ ನಿಯಮಕ್ಕೆ ಹೊಂದಿಕೊಳ್ಳುತ್ತವೆ ಎಂದು ಅವರು ತೋರಿಸಿದರು. ಯಾವ ಭೌತಿಕ ಕಾರಣವೂ ಇಲ್ಲದೆ ಮನಬಂದಂತೆ ಜೋಡಿಸಿದ ಜಾಲವೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಎಲ್ಲರೂ ಪಾಸಾಗುವ ಪರೀಕ್ಷೆ ಯಾರ ಯೋಗ್ಯತೆಯನ್ನೂ ಹೇಳುವುದಿಲ್ಲ. ನದಿ ಮತ್ತು ಶ್ವಾಸಕೋಶ ಎರಡೂ ಹಾರ್ಟನ್ನನ ನಿಯಮ ಪಾಲಿಸುತ್ತವೆ ಎಂಬುದರಿಂದ ಅವೆರಡೂ ಕವಲುಜಾಲಗಳು ಎಂಬುದಷ್ಟೇ ಸಾಬೀತಾಗುತ್ತದೆ, ಅದು ನಮಗೆ ಮೊದಲೇ ಗೊತ್ತಿತ್ತು. ಪ್ರಸ್ತುತ ವಾದಕ್ಕೆ ಈ ಫಲಿತಾಂಶ ಅಡಿಗಲ್ಲು. ಹೋಲಿಕೆ ಅಗ್ಗ, ಏಕೆಂದರೆ ಕವಲೊಡೆಯುವ ಯಾವುದೇ ವಸ್ತು ಅದನ್ನು ಪುಕ್ಕಟೆಯಾಗಿ ಪಡೆಯುತ್ತದೆ.

ಹಾಗಾದರೆ ನದಿಯ ಬಗ್ಗೆ ಏನನ್ನಾದರೂ ನಿಜವಾಗಿ ಹೇಳುವ ಅಳತೆ ಯಾವುದು? ಉತ್ತರ ಸಂಗಮದ ಕೋನದಲ್ಲಿ ಸಿಕ್ಕಿತು. ಫ್ಲಾರಿಡಾದಲ್ಲಿ ಮರಳುನೆಲದಡಿಯ ಅಂತರ್ಜಲ ಜಿನುಗಿ ತೊರೆಗಳಾಗುವ ಒಂದು ಪ್ರದೇಶವಿದೆ. ಅಲ್ಲಿ ತೊರೆಯ ತುದಿ ಅಂತರ್ಜಲ ಹೆಚ್ಚು ಬರುವ ದಿಕ್ಕಿಗೆ ಬೆಳೆಯುತ್ತದೆ ಎಂದು ಭಾವಿಸಿ ಲೆಕ್ಕ ಹಾಕಿದರೆ ಕವಲಿನ ಕೋನ 72 ಡಿಗ್ರಿ ಇರಬೇಕು. ಡವೋಶೆಲ್, ಪೆಟ್ರಾಫ್, ಸೇಬೋಲ್ಡ್ ಮತ್ತು ರಾತ್‌ಮನ್ 2012ರಲ್ಲಿ ಪ್ರಕಟಿಸಿದ ಅಳತೆಗಳ ಸರಾಸರಿ 71.9 ಡಿಗ್ರಿ. 2017ರಲ್ಲಿ ಸೇಬೋಲ್ಡ್, ರಾತ್‌ಮನ್ ಮತ್ತು ಅದೇ ಕರ್ಚ್‌ನರ್ ಅಮೆರಿಕದ ಸುಮಾರು ಹತ್ತು ಲಕ್ಷ ಸಂಗಮಗಳನ್ನು ನಕ್ಷೆಯಿಂದ ಅಳೆದಾಗ, ತೇವ ಹೆಚ್ಚಿರುವ ಸೀಮೆಗಳಲ್ಲಿ ಕೋನ 72ರತ್ತ ಅಗಲವಾಗುವುದೂ ಒಣ ಸೀಮೆಗಳಲ್ಲಿ ಕಿರಿದಾಗುವುದೂ ಕಂಡುಬಂತು. ಒಣ ನೆಲದಲ್ಲಿ ಮಳೆನೀರು ಇಳಿಜಾರಿನ ಮೇಲೆಯೇ ಓಡುತ್ತದೆ, ತೇವದ ನೆಲದಲ್ಲಿ ಒಳಗೆ ಇಂಗಿ ಜಿನುಗುತ್ತದೆ. ಎಂದರೆ ನದಿಗಳಿಗೇ ಒಂದು ನಿಯಮವಿಲ್ಲ, ಅವುಗಳಲ್ಲೇ ಎರಡು ಬಗೆಗಳಿವೆ, ಮತ್ತು ಅವುಗಳನ್ನು ಕೋನ ಬೇರ್ಪಡಿಸುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅಂತರ್ಜಲದ ಈ ಹರಿವನ್ನು ಆಳುವುದು ಲಾಪ್ಲಾಸ್ ಸಮೀಕರಣ. ವಿದ್ಯುತ್ ಕಿಡಿ ಹರಡುವುದನ್ನು ಆಳುವುದೂ ಅದೇ. 1777ರಲ್ಲಿ ಗಟ್ಟಿಂಗೆನ್‌ನ ಲಿಖ್ಟೆನ್‌ಬರ್ಗ್ ವಿದ್ಯುದಾವೇಶದಿಂದ ಧೂಳಿನಲ್ಲಿ ಮೂಡಿಸಿದಂಥ ಕವಲುಚಿತ್ರಗಳನ್ನು ನೀಮೆಯರ್, ಪಿಯೆಟ್ರೊನೆರೊ ಮತ್ತು ವೀಸ್ಮನ್ 1984ರಲ್ಲಿ ವಿಶ್ಲೇಷಿಸಿದಾಗ ಅವುಗಳ ಫ್ರ್ಯಾಕ್ಟಲ್ ಆಯಾಮ ಸುಮಾರು 1.7 ಎಂದು ಕಂಡಿತು. ಅಲೆದಾಡುವ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೆಳೆಯುವ ಬಗೆಗೆ ವಿಟ್ಟನ್ ಮತ್ತು ಸ್ಯಾಂಡರ್ 1981ರಲ್ಲಿ ಕೊಟ್ಟ ಮಾದರಿಯಲ್ಲೂ ಅದೇ ಸಂಖ್ಯೆ. ಇಲ್ಲಿ ನಂಟು ನಿಜವಾದದ್ದು. ಆದರೆ ಅದನ್ನು ಸಾಬೀತುಪಡಿಸಿದ್ದು ಕಣ್ಣಿಗೆ ಕಾಣುವ ಹೋಲಿಕೆಯಲ್ಲ, ಸಂಖ್ಯೆಯ ಹೊಂದಾಣಿಕೆ ಮತ್ತು ಅದರ ಹಿಂದಿನ ಸಮೀಕರಣ. ಅಳತೆ ಬೇರ್ಪಡಿಸುವುದಷ್ಟೇ ಅಲ್ಲ, ಕೂಡಿಸಲೂ ಬಲ್ಲದು.

5. ಹುಟ್ಟುವ ದಾರಿ ಮತ್ತು ಕೂಡುವ ಕವಲು

ಮಾನವದೇಹದೊಳಗಿನ ಜಾಲಗಳು ಹುಟ್ಟುವ ಬಗೆಯನ್ನು ನೋಡಿದರೆ ಆಕಾರದಿಂದ ಕಾರಣವನ್ನು ಓದುವುದು ಎಷ್ಟು ಅಪಾಯಕಾರಿ ಎಂಬುದು ಇನ್ನೂ ನಿಚ್ಚಳವಾಗುತ್ತದೆ. ಇಲಿಯ ಭ್ರೂಣದಲ್ಲಿ ಶ್ವಾಸಕೋಶ ಬೆಳೆಯುವುದನ್ನು ಮೆಟ್ಸ್‌ಗರ್, ಕ್ರಾಸ್ನೊ ಮತ್ತು ಸಂಗಡಿಗರು 2008ರಲ್ಲಿ ಹಂತಹಂತವಾಗಿ ದಾಖಲಿಸಿದರು. ಕವಲುಗಳು ಕೇವಲ ಮೂರು ಬಗೆಯಲ್ಲಿ, ಅದೂ ಒಂದು ಇಲಿಯಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗದ ಕ್ರಮದಲ್ಲಿ ಒಡೆಯುತ್ತವೆ. ಸ್ತನಗ್ರಂಥಿಯ ನಾಳಗಳದು ಇದಕ್ಕೆ ನೇರ ವಿರುದ್ಧ. ಹನೆಜೊ, ಸೈಮನ್ಸ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ ಅಲ್ಲಿ ನಾಳದ ತುದಿಗಳು ಗೊತ್ತುಗುರಿಯಿಲ್ಲದೆ ಸಾಗಿ ಒಡೆಯುತ್ತವೆ, ಇನ್ನೊಂದು ನಾಳ ಹತ್ತಿರವಾದರೆ ಬೆಳವಣಿಗೆ ನಿಲ್ಲಿಸುತ್ತವೆ. ಪೂರ್ವನಿಗದಿಯಿಲ್ಲದ ಈ ಎರಡು ಸಣ್ಣ ನಿಯಮಗಳಿಂದಲೇ ಇಡೀ ಜಾಲ ಮೂಡುತ್ತದೆ. ರಕ್ತನಾಳದ ಕತೆ ಈ ಎರಡಕ್ಕಿಂತಲೂ ಭಿನ್ನ. ಕೋಳಿಮೊಟ್ಟೆಯ ಭ್ರೂಣದಲ್ಲಿ ಮೊದಲು ಕಾಣುವುದು ಕವಲಲ್ಲ, ಎಲ್ಲೆಡೆ ಹೆಣೆದುಕೊಂಡ ಬಲೆ. ರಕ್ತ ಹೆಚ್ಚು ಹರಿದ ದಾರಿ ಅಗಲವಾಗಿ, ಹರಿಯದ ದಾರಿ ಮುಚ್ಚಿಹೋಗಿ, ಬಲೆಯೊಳಗಿಂದ ಮರದ ಆಕಾರ ಹೊರಬರುತ್ತದೆ. ಜರ್ಮನಿಯ ರಿಚರ್ಡ್ ಥೋಮಾ 1893ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಯೋಜನೆಯಂತೆ ಒಡೆದದ್ದು, ಅಡ್ಡಾಡಿ ಒಡೆದದ್ದು, ಬಲೆಯಿಂದ ಸವೆದು ಉಳಿದದ್ದು ಈ ಮೂರೂ ಕೊನೆಗೆ ಮರವನ್ನೇ ಹೋಲುತ್ತವೆ.

ಕವಲುಗಳು ಮತ್ತೆ ಕೂಡಿಕೊಳ್ಳುವುದು ಅಳತೆಯ ಮೂರನೆಯ ಅಂಶ. ಹರಿವು ಸದಾ ಒಂದೇ ರೀತಿ ಇದ್ದು, ಜಾಲಕ್ಕೆ ಎಂದೂ ಪೆಟ್ಟು ಬೀಳದಿದ್ದರೆ ಕುಣಿಕೆಗಳಿಲ್ಲದ ಮರವೇ ಅತಿ ಮಿತವ್ಯಯದ ರಚನೆ. ಆದರೆ ಪೆಟ್ಟು ಬೀಳುವ ಅಥವಾ ಬೇಡಿಕೆ ಏರಿಳಿಯುವ ಪರಿಸರದಲ್ಲಿ ಕುಣಿಕೆಗಳಿರುವ ಜಾಲವೇ ಮೇಲು ಎಂದು ಕಾತಿಫೋರಿ, ಸೊಲ್ಲೋಶಿ ಮತ್ತು ಮ್ಯಾಗ್ನಾಸ್ಕೊ ಹಾಗೂ ಅವರಿಂದ ಸ್ವತಂತ್ರವಾಗಿ ಕೊರ್ಸೊನ್ 2010ರಲ್ಲಿ ಲೆಕ್ಕದಿಂದ ತೋರಿಸಿದರು. ಗಿಂಕೊ ಮರದ ಎಲೆಯ ನರಗಳು ಹೆಚ್ಚಾಗಿ ಒಡೆಯುತ್ತ ಹೋಗುತ್ತವೆ, ಕೂಡುವುದು ಅಪರೂಪ. ನರವೊಂದು ತುಂಡಾದರೆ ಅದರಾಚೆಯ ಭಾಗಕ್ಕೆ ನೀರು ತಪ್ಪುತ್ತದೆ. ಒಣಗಿ ತಿರುಳು ಕಳೆದುಕೊಂಡ ಅರಳಿ ಎಲೆಯನ್ನು ಬೆಳಕಿಗೆ ಹಿಡಿದರೆ ಕಾಣುವುದು ಬೇರೆ: ನಡುನರದಿಂದ ಪಕ್ಕದ ನರಗಳು, ಅವುಗಳ ನಡುವೆ ದೊಡ್ಡ ಕಣ್ಣುಗಳ ಜಾಲರಿ, ಅದರೊಳಗೆ ಇನ್ನೂ ಸಣ್ಣ ಕಣ್ಣುಗಳ ಜಾಲರಿ. ಹುಳು ಕೊರೆದರೂ ನೀರು ಸುತ್ತಿ ಬಳಸಿ ಬರುತ್ತದೆ. ಮಾನವನ ಮೆದುಳಿನ ಬುಡದಲ್ಲಿರುವ ವಿಲ್ಲಿಸ್ ವರ್ತುಲವೂ ಇಂಥ ಕುಣಿಕೆಯೇ. ಒಂದು ಧಮನಿ ಕಟ್ಟಿಕೊಂಡಾಗ ಮತ್ತೊಂದರಿಂದ ರಕ್ತ ಬರುವ ಸಾಧ್ಯತೆಯನ್ನು ಅದು ಉಳಿಸಿಕೊಟ್ಟಿದೆ.

ಈ ವಿಷಯದಲ್ಲಿ ನಮ್ಮ ನೆಲದ ಆಲದಮರ ವಿಶೇಷ ಗಮನಕ್ಕೆ ಅರ್ಹ. ಲಿಯೊನಾರ್ಡೊನ ನಿಯಮ ಒಂದು ಕಾಂಡದಿಂದ ಹೊರಟು ಮತ್ತೆಂದೂ ಕೂಡದ ಕೊಂಬೆಗಳಿಗೆ ಅನ್ವಯಿಸುವಂಥದು. ಆಲದ ಬಿಳಲು ನೆಲ ಮುಟ್ಟಿ, ಬೇರೂರಿ, ತಾನೇ ಕಾಂಡವಾಗುತ್ತದೆ. ಅಲ್ಲಿಂದಾಚೆಗೆ ಕೊಂಬೆಗೆ ಎರಡು ಕಡೆಯಿಂದ ನೀರು, ಎರಡು ಕಡೆಯಿಂದ ಆಸರೆ. ಅದು ಹೆಸರಿಗೆ ಮರವಾದರೂ ರಚನೆಯಲ್ಲಿ ಕುಣಿಕೆಗಳ ಜಾಲ. ಕೋಲ್ಕತ್ತದ ಬಳಿಯ ಹೌರಾ ಸಸ್ಯೋದ್ಯಾನದ ಮಹಾ ಆಲದಮರದ ಮೂಲ ಕಾಂಡ ಶಿಲೀಂಧ್ರದ ಸೋಂಕಿಗೆ ತುತ್ತಾದ್ದರಿಂದ 1925ರಲ್ಲಿ ಅದನ್ನು ಕಡಿದು ತೆಗೆಯಲಾಯಿತು. ಮರ ಇಂದಿಗೂ ಬದುಕಿದೆ, ಹರಡುತ್ತಲೂ ಇದೆ. ಬೆಂಗಳೂರಿನ ಹತ್ತಿರ ರಾಮೋಹಳ್ಳಿಯ ದೊಡ್ಡ ಆಲದಮರದ ಮೂಲ ಕಾಂಡವೂ ಉಳಿದಿಲ್ಲ, ಸುತ್ತಲಿನ ಬಿಳಲುಗಳೇ ಅದನ್ನು ಕಾಪಾಡಿಕೊಂಡು ಬಂದಿವೆ. ಬುಡವೇ ಹೋದರೂ ಉಳಿಯುವ ಮರವನ್ನು ಬುಡ ಹೋದರೆ ಸಾಯುವ ಮರದ ನಿಯಮದಿಂದ ಅಳೆಯುವುದು ತಪ್ಪು.

6. ಆಕ್ಷೇಪಗಳು

ಈ ವಾದಕ್ಕೆ ಮೂರು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು ಜಾಫ್ರಿ ವೆಸ್ಟ್, ಜೇಮ್ಸ್ ಬ್ರೌನ್ ಮತ್ತು ಬ್ರಯನ್ ಎನ್‌ಕ್ವಿಸ್ಟ್ 1997ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಬರುತ್ತದೆ. ಪ್ರಾಣಿಯ ಚಯಾಪಚಯದ ದರ ಅದರ ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿದೆ ಎಂದು ಕ್ಲೈಬರ್ 1932ರಲ್ಲಿ ಕಂಡುಕೊಂಡಿದ್ದರು. ಅದಕ್ಕೆ ಫ್ರ್ಯಾಕ್ಟಲ್ ಕವಲುಜಾಲಗಳೇ ಕಾರಣ, ಗಿಡವಾದರೂ ಪ್ರಾಣಿಯಾದರೂ ನಿಯಮ ಒಂದೇ ಎಂಬುದು ಈ ಸಿದ್ಧಾಂತ. ಇದರ ಧೈರ್ಯ ಮೆಚ್ಚುವಂಥದು. ಆದರೆ ಸಸ್ತನಿಗಳ ಜಾಲದಲ್ಲಿ ದೊಡ್ಡ ನಾಳಗಳಿಗೆ ಒಂದು ಘಾತ, ಸಣ್ಣ ನಾಳಗಳಿಗೆ ಇನ್ನೊಂದು ಘಾತ ಎಂದು ಈ ಸಿದ್ಧಾಂತವೇ ಒಪ್ಪಿಕೊಂಡು ಮುಂದುವರಿಯುತ್ತದೆ. ಎಂದರೆ ಏಕತೆಯ ಒಳಗೇ ಎರಡು ಭೌತಿಕ ಕಾರಣಗಳು ಕೂತಿವೆ. ಮುಕ್ಕಾಲು ಘಾತವೂ ಪ್ರಶ್ನಾತೀತವಲ್ಲ. ಡಾಡ್ಸ್, ರಾತ್‌ಮನ್ ಮತ್ತು ವೈಟ್ಸ್ 2001ರಲ್ಲಿ ದತ್ತಾಂಶವನ್ನು ಮರುಪರಿಶೀಲಿಸಿ, ಸಣ್ಣ ಸಸ್ತನಿಗಳ ಮಟ್ಟಿಗೆ ಮೂರನೇ ಎರಡು ಘಾತವನ್ನು ತಳ್ಳಿಹಾಕಲು ಸಾಧ್ಯವಿಲ್ಲ ಎಂದರು.

ಎರಡನೆಯ ಆಕ್ಷೇಪ: ಅತಿ ಕಡಿಮೆ ಖರ್ಚು, ಸುರಕ್ಷತೆ, ಗಾಳಿಗೆ ತಡೆ ಎಂದೆಲ್ಲ ಹೇಳುವುದು ನಿಸರ್ಗಕ್ಕೆ ಉದ್ದೇಶವನ್ನು ಆರೋಪಿಸಿದಂತಲ್ಲವೇ? ನಾಳಕ್ಕೆ ಘನಮೂಲದ ಲೆಕ್ಕ ಬರುತ್ತದೆಯೇ? ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮರ‍್ರೆಯ ನಿಯಮ ಪಾಲನೆಯಾದಾಗ ನಾಳದ ಗೋಡೆಯ ಮೇಲೆ ರಕ್ತದ ಉಜ್ಜುವಿಕೆ ಎಲ್ಲ ಕವಲುಗಳಲ್ಲೂ ಸಮನಾಗಿರುತ್ತದೆ. ಗೋಡೆಯ ಒಳಪದರದ ಕೋಶಗಳು ಈ ಉಜ್ಜುವಿಕೆಯನ್ನು ಗ್ರಹಿಸುತ್ತವೆ, ಅದು ಹೆಚ್ಚಾದರೆ ನಾಳ ಅಗಲವಾಗುತ್ತದೆ, ಕಡಿಮೆಯಾದರೆ ಕಿರಿದಾಗುತ್ತದೆ. ಕಮಿಯಾ ಮತ್ತು ಟೊಗಾವಾ 1980ರಲ್ಲಿ ನಾಯಿಯ ಕುತ್ತಿಗೆಯ ಧಮನಿಯನ್ನು ಅಭಿಧಮನಿಗೆ ಜೋಡಿಸಿ ಅದರ ಹರಿವನ್ನು ಹೆಚ್ಚಿಸಿದರು. ಕೆಲವು ತಿಂಗಳಲ್ಲಿ ಧಮನಿ ಹಿಗ್ಗಿ ಉಜ್ಜುವಿಕೆ ಮೊದಲಿನ ಮಟ್ಟಕ್ಕೆ ಮರಳಿತ್ತು. ಪ್ರತಿ ಕೋಶವೂ ತನ್ನ ನೆರೆಯನ್ನಷ್ಟೇ ಅರಿತು ವರ್ತಿಸಿದರೂ ಇಡೀ ಜಾಲ ಮಿತವ್ಯಯದ ಅಳತೆಗೆ ಬಂದು ನಿಲ್ಲುತ್ತದೆ. ನದಿಗೆ ಇಂಥ ಕೋಶಗಳಿಲ್ಲ, ಅನುವಂಶೀಯತೆಯಿಲ್ಲ, ಆಯ್ಕೆಯ ಇತಿಹಾಸವೂ ಇಲ್ಲ. ಜೀವಿಯ ಕವಲನ್ನೂ ನೆಲದ ಕವಲನ್ನೂ ಒಂದೇ ಎನ್ನುವವರು ಈ ಮೂಲಭೂತ ವ್ಯತ್ಯಾಸವನ್ನು ಮರೆಯುತ್ತಾರೆ.

ಮೂರನೆಯದು ತಾತ್ವಿಕ ಆಕ್ಷೇಪ. ಪ್ರತಿ ಜಾಲಕ್ಕೂ ಅದರದೇ ಕಾರಣ ಎಂದರೆ ವಿಜ್ಞಾನ ಬರಿಯ ಪಟ್ಟಿಯಾಗುವುದಿಲ್ಲವೇ? ಆಗುವುದಿಲ್ಲ. ಒಂದು ಬಿಂದುವನ್ನು ವಿಶಾಲವಾದ ಕ್ಷೇತ್ರದ ಎಲ್ಲ ಬಿಂದುಗಳಿಗೆ ಕಡಿಮೆ ದಾರಿಯಲ್ಲಿ ಜೋಡಿಸಬೇಕಾದರೆ ಕವಲೊಡೆಯುವುದು ಅನಿವಾರ್ಯ. ನರಕೋಶಗಳನ್ನು ವರ್ಷಗಟ್ಟಲೆ ಚಿತ್ರಿಸಿದ ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಅವುಗಳ ಆಕಾರದಲ್ಲಿ ದ್ರವ್ಯ, ಕಾಲ ಮತ್ತು ಜಾಗಗಳ ಉಳಿತಾಯವನ್ನು ಕಂಡದ್ದು ಇದರಿಂದಲೇ. ಈ ಜ್ಯಾಮಿತಿಯ ನಿರ್ಬಂಧ ಎಲ್ಲ ಜಾಲಗಳಿಗೂ ಸಮಾನ, ಹೋಲಿಕೆಗೆ ಅದೇ ಆಧಾರ. ಆದರೆ ನಿರ್ಬಂಧ ಬೇರೆ, ಕಾರಣ ಬೇರೆ. ನಿರ್ಬಂಧ ಕವಲೊಡೆಯುವಂತೆ ಮಾಡುತ್ತದೆ, ಎಷ್ಟು ದಪ್ಪ, ಎಷ್ಟು ಕೋನ, ಮತ್ತೆ ಕೂಡಬೇಕೇ ಬೇಡವೇ ಎಂಬುದನ್ನು ಕಾರಣ ನಿರ್ಧರಿಸುತ್ತದೆ. ವಿಜ್ಞಾನದ ಏಕತೆ ಉಳಿಯುವುದು ಒಂದೇ ಉತ್ತರದಲ್ಲಲ್ಲ, ಎಲ್ಲ ಜಾಲಗಳಿಗೂ ಕೇಳಬಹುದಾದ ಒಂದೇ ಬಗೆಯ ಪ್ರಶ್ನೆಗಳಲ್ಲಿ.

7. ಉಪಸಂಹಾರ

ಇದು ಗ್ರಂಥಾಲಯದೊಳಗಿನ ಚರ್ಚೆ ಮಾತ್ರವಲ್ಲ. ಹೃದಯದ ಧಮನಿ ಕವಲೊಡೆಯುವ ಜಾಗದಲ್ಲಿ ಕಟ್ಟಿಕೊಂಡಾಗ ಸ್ಟೆಂಟ್ ಹಾಕುವ ವೈದ್ಯರು, ರೋಗಕ್ಕೆ ಮುನ್ನ ಆ ನಾಳ ಎಷ್ಟು ಅಗಲವಿತ್ತೆಂಬುದನ್ನು ಅಂದಾಜಿಸಬೇಕು. 3.5 ಮಿಲಿಮೀಟರಿನ ತಾಯಿನಾಳ ಎರಡು ಸಮ ಕವಲಾಗಿ ಒಡೆದರೆ, ಮರ‍್ರೆಯ ನಿಯಮದಂತೆ ಪ್ರತಿ ಕವಲೂ 2.78 ಮಿಲಿಮೀಟರ್ ಇರಬೇಕು. ಫ್ರಾನ್ಸಿನ ಫಿನೆ ಮತ್ತು ಸಂಗಡಿಗರು 2008ರಲ್ಲಿ ನಿಜವಾದ ಹೃದಯ ಧಮನಿಗಳನ್ನು ಅಳೆದು ಕೊಟ್ಟ ಸೂತ್ರದಂತೆ, ತಾಯಿನಾಳದ ವ್ಯಾಸ ಕವಲುಗಳ ವ್ಯಾಸಗಳ ಮೊತ್ತದ 0.678 ಪಟ್ಟು. ಆ ಲೆಕ್ಕದಲ್ಲಿ ಪ್ರತಿ ಕವಲು 2.58 ಮಿಲಿಮೀಟರ್. ಪುಸ್ತಕದ ಸಾರ್ವತ್ರಿಕ ನಿಯಮಕ್ಕೂ ಅಳೆದ ಸತ್ಯಕ್ಕೂ ನಡುವೆ ಇರುವ ಈ ಐದನೇ ಒಂದು ಮಿಲಿಮೀಟರ್, ತೆಳುವಾದ ಧಮನಿಯ ಗೋಡೆಗೆ ಸಣ್ಣ ಅಂತರವಲ್ಲ.

ಮೇಲಿನ ಸಾಕ್ಷ್ಯಗಳಿಂದ ಬರುವ ತೀರ್ಮಾನ ಹೀಗಿದೆ: ಕವಲಿನ ಹೋಲಿಕೆ ಪ್ರಶ್ನೆಯ ಆರಂಭವೇ ಹೊರತು ಉತ್ತರವಲ್ಲ. ಮರದ 2, ರಕ್ತನಾಳದ 3, ಶ್ವಾಸಕೋಶದ 0.85, ತೊರೆಯ 72 ಡಿಗ್ರಿ, ಎಲೆಯ ಕುಣಿಕೆ ಇವು ಒಂದೊಂದೂ ಆಯಾ ಜಾಲ ಎದುರಿಸಿದ ಒತ್ತಾಯದ ದಾಖಲೆ. ನಮ್ಮ ಪಠ್ಯಪುಸ್ತಕಗಳು ಮರ, ನದಿ ಮತ್ತು ಶ್ವಾಸಕೋಶದ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕುವುದಾದರೆ ಈ ಅಂಕಿಗಳನ್ನೂ ಕೆಳಗೆ ಅಚ್ಚು ಹಾಕಲಿ. ಸಸ್ಯಶಾಸ್ತ್ರ ಮತ್ತು ಭೂಗೋಳದ ವಿದ್ಯಾರ್ಥಿಗಳಿಗೆ ಆಲದ ಬಿಳಲು ಸೇರುವ ಕವಲುಗಳನ್ನೂ, ಮಲೆನಾಡಿನ ಮತ್ತು ಬಯಲುಸೀಮೆಯ ಹಳ್ಳಗಳು ಕೂಡುವ ಕೋನಗಳನ್ನೂ ಅಳೆಯುವ ಕೆಲಸ ಕೊಡಲಿ. ಅದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಕೋನಮಾಪಕ ಮತ್ತು ಸರ್ವೆ ನಕ್ಷೆ. ಮಳೆ ಹೆಚ್ಚಿರುವ ಪಶ್ಚಿಮಘಟ್ಟದ ಸೆರಗು, ಮಳೆ ಕಡಿಮೆಯಿರುವ ಒಳನಾಡು ಎರಡೂ ಒಂದೇ ರಾಜ್ಯದಲ್ಲಿರುವಾಗ ಹವಾಮಾನ ಮತ್ತು ಸಂಗಮಕೋನಗಳ ಸಂಬಂಧವನ್ನು ಪರೀಕ್ಷಿಸಲು ಕರ್ನಾಟಕಕ್ಕಿಂತ ತಕ್ಕ ನೆಲ ಹುಡುಕಬೇಕಾಗಿಲ್ಲ.